ನೀರು ತರಲು ಹೋದವನು

ಫೆಬ್ರವರಿ ೯

ಪ್ರೀತಿಯ ಮರಿ,

ನಿನ್ನ ಕಾಗದ ಬಂದು ಇಪ್ಪತ್ತಮೂರು ದಿನವಾಯಿತು. ಇಷ್ಟು ಹೊತ್ತಿಗೆ ನೀನು ಮುಖ ಊದಿಸಿಕೊಂಡಿರುತ್ತೀಯ ಎಂದು ಗೊತ್ತು. ಕ್ಷಮಿಸಿಬಿಡು. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಹರಿದು ಹಾಕಿದೆ. ಫೋನಿನಲ್ಲಿ ಹೇಳೋಣವೆಂದರೆ ನಮ್ಮಿಬ್ಬರ ಫೋನಿನ ಚಂದ ನಿನಗೇ ಗೊತ್ತಲ್ಲ. ‘ಊಟ ಆಯ್ತಾ’, ‘ಆಯ್ತು’, ‘ಮತ್ತೆ?’, ‘ಏನಿಲ್ಲ’. ಅಲ್ಲಿಗೆ ಮುಗಿಯಿತು. ಕಾಗದವೇ ವಾಸಿ.

ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಹೆಚ್ಚೂ ಆಗಿಲ್ಲ, ಕಡಿಮೆಯೂ ಆಗಿಲ್ಲ. ನೀನು ಕಳಿಸಿದ ಮುಲಾಮು ತಪ್ಪದೆ ಹಚ್ಚುತ್ತಿದ್ದೇನೆ. ಅದು ಮನುಷ್ಯರದ್ದೋ, ನಿನ್ನ ಪಶು ಆಸ್ಪತ್ರೆಯ ಕುದುರೆಗಳದ್ದೋ ಎಂದು ವಾಸನೆಯ ಮೇಲೆ ಹೇಳುವುದು ಕಷ್ಟ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಎದುರು ಮನೆಯ ದರ್ಜಿ ನಿನಗೆ ಸುದ್ದಿ ಮುಟ್ಟಿಸಿದ್ದಾನೆಂದು ಕಾಣುತ್ತದೆ. ‘ಅಪ್ಪಾ, ಪ್ರಾರ್ಥನೆ ಗ್ರಂಥ ಕಲಿಯೋಕೆ ಗುರುಗಳನ್ನ ಹುಡುಕ್ತಾ ಓಡಾಡ್ತಿದ್ದೀರಂತೆ, ನಿಜಾನಾ? ಯಾರಾದ್ರೂ ನಿಮ್ಮ ತಲೆ ಸವರ್ತಿದ್ದಾರಾ?’ ಎಂದು ಬರೆದಿದ್ದೀಯ. ನಿಜ. ತಲೆ ಸವರುವವರು ಸಿಕ್ಕಿದ್ದರೂ ಇಷ್ಟು ಬೇಸರವಾಗುತ್ತಿರಲಿಲ್ಲ, ಕೊನೆಗೆ ಅವರಾದರೂ ನನ್ನ ಮೇಲೆ ಗಮನ ಇಟ್ಟಿರುತ್ತಿದ್ದರು. ಅರವತ್ತಕ್ಕೆ ಅರಳು ಮರಳು ಎನ್ನುತ್ತಾರೆ. ನನಗೆ ಅರವತ್ತೊಂದು. ನನ್ನ ಎಲ್ಲ ಕೆಲಸದಂತೆ ಇದೂ ಒಂದು ವರ್ಷ ತಡ ಎಂದುಕೋ.

ನಿನ್ನ ಅಮ್ಮ ಪ್ರಾರ್ಥನೆಗೆ ಒಳಗೆ ಹೋದಾಗ ಹೊರಗೆ ಚಪ್ಪಲಿ ಕಾಯುತ್ತಾ ಪೇಪರು ಓದುತ್ತಿದ್ದವನು ನಾನು. ಇಂಥವನಿಗೆ ಈಗ ಏನು ಬಂತು ಎಂದು ನೀನು ಕೇಳುವುದು ನ್ಯಾಯವೇ. ಕಲಿಯಬೇಕು ಎನಿಸಿತು, ಅಷ್ಟೇ. ಮೂವತ್ತೇಳು ವರ್ಷ ಲಿಫ್ಟ್ ರಿಪೇರಿ ಮಾಡಿದವನಿಗೆ ಒಂದು ಸಂಗತಿ ಮಾತ್ರ ಚೆನ್ನಾಗಿ ಗೊತ್ತು: ಕೆಲಸ ಬಲ್ಲವನ ಪಕ್ಕ ನಿಂತು ಕಲಿಯದೆ ಪುಸ್ತಕ ನೋಡಿ ಕೈ ಹಾಕಿದರೆ ಬೆರಳು ಹೋಗುತ್ತದೆ. ಹಾಗಾಗಿ ಬಲ್ಲವರನ್ನು ಹುಡುಕಿಕೊಂಡು ಹೊರಟೆ.

ಮೊದಲು ಹೋದದ್ದು ಆ ದೊಡ್ಡ ಪ್ರವಚನಕಾರರ ಬಳಿ. ಆರುನೂರು ಕುರ್ಚಿಯ ಸಭಾಂಗಣ. ಮೈಕು ಹಿಡಿದರೆ ಕಲ್ಲೂ ಕರಗಬೇಕು, ಅಂಥ ಕಂಠ. ನಾನೂ ಕರಗಿದೆ, ಸುಳ್ಳು ಹೇಳುವುದಿಲ್ಲ. ಮುಗಿದ ಮೇಲೆ ಅವರ ಸಹಾಯಕನ ಬಳಿ ಹೋಗಿ, ‘ನಾನು ಅವರ ಹತ್ತಿರ ಕಲೀಬೇಕು’ ಎಂದೆ. ಅವನು ಒಂದು ಅರ್ಜಿ ಕೊಟ್ಟ. ಅದರಲ್ಲಿ ರಕ್ತದ ಗುಂಪು, ಟೀ ಶರ್ಟಿನ ಅಳತೆ ಎಲ್ಲ ಕೇಳಿದ್ದರು. ಏನು ಕಲಿಯಬೇಕು ಎಂದು ಕೇಳುವ ಜಾಗ ಮಾತ್ರ ಇರಲಿಲ್ಲ. ಐದು ಶನಿವಾರ ಕಾದ ಮೇಲೆ ಅವರ ಕೋಣೆಯೊಳಗೆ ಬಿಟ್ಟರು.

‘ಹಿರಿಯರು ಏನು ಕೆಲಸ ಮಾಡ್ತಿದ್ರಿ?’ ಎಂದರು.

‘ಲಿಫ್ಟ್ ಮೆಕ್ಯಾನಿಕ್, ಗುರುಗಳೇ.’

ಅವರ ಮುಖ ಅರಳಿತು. ‘ದೇವರೇ ಕಳಿಸಿದ್ದಾನೆ ನಿಮ್ಮನ್ನ. ನಮ್ಮ ಲಿಫ್ಟು ಮೂರು ದಿನದಿಂದ ಒಂದನೇ ಮಹಡಿಗೂ ಎರಡನೇ ಮಹಡಿಗೂ ಮಧ್ಯೆ ನಿಂತ್ಬಿಟ್ಟಿದೆ.’

ನೋಡು ನನ್ನ ಹಣೆಬರಹ. ಬಾಗಿಲಿನ ಸ್ವಿಚ್ಚಿನಲ್ಲಿ ದೂಳು ಕೂತಿತ್ತು. ಒರೆಸಿ ಸರಿ ಮಾಡಿದೆ. ಅಂದಿನಿಂದ ನನ್ನನ್ನು ಎಲ್ಲರಿಗೂ ‘ನಮ್ಮ ಲಿಫ್ಟ್ ಸೇವಕರು’ ಎಂದು ಪರಿಚಯ ಮಾಡಿಕೊಡತೊಡಗಿದರು. ಎರಡು ತಿಂಗಳು ಲಿಫ್ಟು ಕೆಮ್ಮಿದರೂ ಕರೆ, ಸೀನಿದರೂ ಕರೆ. ಕೊನೆಗೊಂದು ದಿನ ಧೈರ್ಯ ಮಾಡಿ, ‘ಗುರುಗಳೇ, ಒಬ್ಬ ಮನುಷ್ಯ ಹೆದರಿಕೊಂಡಿದ್ದಾಗ ಅವನ ಪಕ್ಕ ಕೂತು ಪ್ರಾರ್ಥನೆ ಹೇಗೆ ಹೇಳಬೇಕು?’ ಎಂದು ಕೇಳಿದೆ. ಅವರು ನನ್ನ ಭುಜ ತಟ್ಟಿ, ‘ಒಳ್ಳೇ ಪ್ರಶ್ನೆ. ನನ್ನ ಹದಿನೇಳನೇ ಪ್ರವಚನ ಕೇಳಿ, ಪೆನ್ ಡ್ರೈವಲ್ಲಿದೆ’ ಎಂದು ಹೊರಟುಹೋದರು. ಕೇಳಿದೆ. ಅದರಲ್ಲಿ ಮೊದಲ ಅರ್ಧ ಗಂಟೆ ಅವರು ಹೋಗಿ ಬಂದ ಊರುಗಳ ವರ್ಣನೆ ಇದೆ.

ಎರಡನೆಯವರು ಪಂಡಿತರು. ಕಾಲೇಜಿನಲ್ಲಿ ಗ್ರಂಥದ ಹಳೆಯ ಭಾಷೆ ಕಲಿಸಿ ನಿವೃತ್ತರಾದವರು. ಅವರ ಮನೆಯಲ್ಲಿ ಪುಸ್ತಕ ಇಲ್ಲದ ಕುರ್ಚಿ ಒಂದೇ, ಅದರಲ್ಲಿ ಅವರೇ ಕೂರುತ್ತಾರೆ. ನಾನು ನಿಘಂಟುಗಳ ಕಟ್ಟಿನ ಮೇಲೆ. ಒಳ್ಳೆಯವರು, ಟೀ ಕೊಡುತ್ತಾರೆ. ಆದರೆ ಗ್ರಂಥ ಮುಟ್ಟಬೇಕಾದರೆ ಮೊದಲು ಮೂರು ವರ್ಷ ವ್ಯಾಕರಣ ಎಂದರು. ಮೂರು ವರ್ಷ ಕಳೆದರೆ ನನಗೆ ಅರವತ್ತನಾಲ್ಕಾಗುತ್ತದೆ ಎಂದೆ. ‘ವ್ಯಾಕರಣ ಕಲೀದೆ ಇದ್ರೂ ಅರವತ್ನಾಲ್ಕು ಆಗತ್ತೆ’ ಎಂದರು.

ಹನ್ನೊಂದು ವಾರದಿಂದ ‘ದೇವರು’ ಎಂಬ ಒಂದು ಶಬ್ದವನ್ನು ದೇವರನ್ನು, ದೇವರಿಂದ, ದೇವರಿಗೆ ಎಂದು ಎಳೆದಾಡುತ್ತಿದ್ದೇವೆ. ಪಾಪ, ಅವನಿಗೂ ಸಾಕಾಗಿರಬೇಕು. ಮೊನ್ನೆ ಅವರಿಗೂ ಅದೇ ಪ್ರಶ್ನೆ ಹಾಕಿದೆ: ‘ಕಾಯಿಲೆ ಬಿದ್ದವರ ಹತ್ತಿರ ಹೋದರೆ ದೇವರನ್ನು ಏನಂತ ಕರೀಬೇಕು?’ ಅವರು ಕನ್ನಡಕ ಮೇಲೆ ಮಾಡಿ, ‘ಯಾವ ವಿಭಕ್ತಿಯಲ್ಲಿ?’ ಎಂದರು.

ಮರಿ, ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ನನ್ನ ಮುಖ ನೋಡಿ ಅವರಿಗೇ ಏನೋ ಅನಿಸಿರಬೇಕು. ಪೆನ್ನು ಕೆಳಗಿಟ್ಟು, ‘ನಿಮಗೆ ಬೇಕಾಗಿರೋದು ನನ್ನ ಹತ್ರ ಇಲ್ಲ ಅಂತ ಕಾಣತ್ತೆ. ಹಳೇ ಬಸ್ ಸ್ಟಾಂಡಿನ ಹಿಂದೆ ಒಂದು ಲಾಂಡ್ರಿ ಇದೆ. ಅಲ್ಲಿ ಇಸ್ತ್ರಿ ಮಾಡೋ ಹೆಂಗಸು ಒಂಬತ್ತು ವರ್ಷ ನನ್ನ ಹತ್ರ ಓದಿದ್ದಾಳೆ. ಅವಳನ್ನ ಹೋಗಿ ಕೇಳಿ’ ಎಂದರು. ಒಂಬತ್ತು ವರ್ಷ ಓದಿ ಕೊನೆಗೆ ಇಸ್ತ್ರಿ ಮಾಡುತ್ತಾಳೆಂದರೆ ಆ ವ್ಯಾಕರಣದ ಫಲ ಎಂಥದ್ದಿರಬೇಕು ಎಂದುಕೊಂಡೇ ಎದ್ದು ಬಂದೆ. ನಾಳೆಯೋ ನಾಡಿದ್ದೋ ಹೋಗುತ್ತೇನೆ.

ನಿನ್ನ ಗಂಡನಿಗೆ ನನ್ನ ನೆನಪು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ಹಸುಗಳಿಗೆ ಹೇಳುವ ಪಥ್ಯದಲ್ಲಿ ಕಾಲು ಭಾಗ ನೀನೂ ಮಾಡು.

ನಿನ್ನ ಒಳ್ಳೆಯದನ್ನೇ ಬಯಸುವ
ಅಪ್ಪ


ಮೇ ೨೧

ಪ್ರೀತಿಯ ಮರಿ,

ಎರಡು ಕಾಗದಕ್ಕೆ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಬುಧವಾರ ಬಿಟ್ಟು ಉಳಿದ ದಿನವೆಲ್ಲ ನನ್ನ ಕೈಗೆ ಕೆಲಸ ಹಚ್ಚಿದ್ದಾರೆ. ಏನು ಕೆಲಸ ಎಂದು ಕೇಳಿದರೆ ನೀನು ನಗುತ್ತೀಯ. ದಿಂಬಿನ ಚೀಲ ಮಡಚುತ್ತೇನೆ.

ಆ ಲಾಂಡ್ರಿ ಎರಡು ಬಾಗಿಲಿನಷ್ಟು ಅಗಲ. ಒಳಗೆ ಉದ್ದನೆ ಮೇಜು, ಮೇಲಿಂದ ಸ್ಪ್ರಿಂಗಿನಲ್ಲಿ ಇಳಿಬಿಟ್ಟ ಆವಿಯ ಇಸ್ತ್ರಿಪೆಟ್ಟಿಗೆ, ಗೋಡೆಗೆ ಒತ್ತಿ ಹೋಟೆಲುಗಳ ಹಾಸುಬಟ್ಟೆಯ ರಾಶಿ. ನಿಂತರೆ ಬೆವರು, ಕೂರಲು ಜಾಗವಿಲ್ಲ. ಆಕೆಗೆ ನಲವತ್ತೆರಡೋ ಮೂರೋ ಇರಬಹುದು. ಬೀದಿಯವರು ಇಸ್ತ್ರಿ ಅಮ್ಮ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ನಾಳೆ ನಾಡಿದ್ದು ಎನ್ನುತ್ತಾ ಮಾರ್ಚ್ ಕೊನೆಗೆ ಮೊದಲ ದಿನ ಹೋಗಿ, ಪಂಡಿತರು ಕಳಿಸಿದರು, ಗ್ರಂಥ ಕಲಿಯಬೇಕು ಎಂದೆ. ತಲೆ ಎತ್ತಲಿಲ್ಲ. ಅಂಗಿಯ ಕಾಲರು ತೀಡುತ್ತಲೇ, ‘ಯಾರಿಗೋಸ್ಕರ?’ ಎಂದಳು.

‘ನನಗೋಸ್ಕರ, ಇನ್ಯಾರಿಗೆ?’

‘ನಿಧಾನಕ್ಕೆ ಯೋಚ್ನೆ ಮಾಡಿ ಹೇಳಿ, ಯಜಮಾನ್ರೇ. ಅಲ್ಲೀವರೆಗೂ ಆ ದಿಂಬಿನ ಚೀಲ ಮಡಚ್ತಾ ಇರಿ.’

ಅವತ್ತು ಮಡಚಲು ಶುರು ಮಾಡಿದವನು ಇವತ್ತಿಗೂ ಮಡಚುತ್ತಿದ್ದೇನೆ. ಎಂಟು ವಾರದಲ್ಲಿ ಆಕೆ ಕಲಿಸಿದ್ದು ಒಂದೇ ಒಂದು ಸಾಲು. ‘ನನ್ನ ಬಳಿಯೇ ಇರು, ಮುಂದಿನ ದಾರಿ ನನಗೆ ಕಾಣುತ್ತಿಲ್ಲ.’ ಮೂಲದಲ್ಲಿ ಐದು ಶಬ್ದ. ನಾನು ಒಂದೇ ದಿನದಲ್ಲಿ ಬಾಯಿಪಾಠ ಮಾಡಿ ಒಪ್ಪಿಸಿದೆ. ‘ಬಂತಲ್ಲ, ಮುಂದಿನದು ಹೇಳಿ’ ಎಂದರೆ, ‘ಬರ್ಲಿಲ್ಲ’ ಎಂದಳು. ಮತ್ತೆ ಹೇಳಿದೆ. ‘ಭಾಷಣ ಮಾಡ್ತಿದ್ದೀರಿ.’ ಮತ್ತೆ ಹೇಳಿದೆ. ‘ಈಗ ಅಪ್ಪಣೆ ಮಾಡ್ತಿದ್ದೀರಿ.’ ಮೆಲ್ಲಗೆ ಹೇಳಿದರೆ, ‘ಯಾಕೆ, ಕದ್ದು ಹೇಳ್ತಿದ್ದೀರಾ?’ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗೆ. ನಾನು ಎಳೆದ ಕಡೆಗೆ ಈಕೆ ಒಂದು ದಿನವೂ ಬಂದಿಲ್ಲ.

ಒಂದು ಮಧ್ಯಾಹ್ನ ರೇಗಿಹೋಯಿತು. ಕೈಯಲ್ಲಿದ್ದ ಚೀಲ ಮೇಜಿನ ಮೇಲೆ ಎಸೆದು, ‘ನೋಡಮ್ಮ, ನಾನೂ ಮೂವತ್ತೇಳು ವರ್ಷ ಹೊಸಬರಿಗೆ ಕೆಲಸ ಕಲಿಸಿದೋನೇ. ಹೀಗೆ ಕಲಿಸಿದ್ರೆ ಯಾರೂ ಕಲಿಯಲ್ಲ’ ಎಂದೆ.

ಆಕೆ ಇಸ್ತ್ರಿಪೆಟ್ಟಿಗೆ ನಿಲ್ಲಿಸಿದಳು. ‘ಮೊದಲನೇ ತಿಂಗಳು ಅವರಿಗೆ ಏನು ಮಾಡಿಸ್ತಿದ್ರಿ?’

‘ಏನು ಮಾಡಿಸೋದು. ಗ್ರೀಸು ಒರೆಸೋದು, ಲಿಫ್ಟಿನ ಉಕ್ಕಿನ ಹಗ್ಗ ಮುಟ್ಟಿ ನೋಡೋದು.’

‘ಹಗ್ಗ ಯಾಕೆ ಮುಟ್ಟಬೇಕು? ಕಣ್ಣಿಗೇ ಕಾಣತ್ತಲ್ಲ.’

‘ಕಣ್ಣಿಗೆ ಕಾಣಲ್ಲಮ್ಮ. ಒಳಗಿನ ಎಳೆ ಕಿತ್ತಿದ್ರೆ ಬೆರಳಿಗೇ ಗೊತ್ತಾಗೋದು.’

‘ಹ್ಞೂಂ’ ಎಂದು ಮತ್ತೆ ಇಸ್ತ್ರಿಗೆ ಬಾಗಿದಳು. ಎಸೆದ ಚೀಲವನ್ನು ನಾನೇ ಎತ್ತಿಕೊಂಡು ಮಡಚಿದೆ. ನನ್ನದೇ ಬಾಯಿಯಿಂದ ಉತ್ತರ ಹೊರಡಿಸಿ ನನ್ನನ್ನೇ ಪೆದ್ದನನ್ನಾಗಿ ಮಾಡುವುದು ಆಕೆಯ ಪಾಠದ ಕ್ರಮ. ಇಂಥ ಗುರುವನ್ನು ಶತ್ರುವಿಗೂ ಹಾರೈಸಲಾರೆ.

ಬುಧವಾರ ಮಧ್ಯಾಹ್ನ ಅಂಗಡಿಗೆ ರಜೆ. ಅವತ್ತು ಆಕೆ ಕಾಯಿಲೆಯವರ ಮನೆಗಳಿಗೆ ಹೋಗುತ್ತಾಳೆ. ಕಳೆದ ತಿಂಗಳಿಂದ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದಾಳೆ. ನನ್ನ ಪಾಲಿಗೆ ಚೀಲ ಹೊರುವ ಕೆಲಸ. ಮೆಟ್ಟಿಲು ಹತ್ತುವ ಮುಂಚೆ ಪ್ರತಿ ಸಲ ಒಂದೇ ಎಚ್ಚರಿಕೆ: ‘ಬಾಯಿ ತೆರೀಬೇಡಿ.’ ಒಬ್ಬರ ಮನೆಯಲ್ಲಿ ಓದುತ್ತಾಳೆ, ಇನ್ನೊಬ್ಬರ ಮನೆಯಲ್ಲಿ ಉಗುರು ಕತ್ತರಿಸುತ್ತಾಳೆ. ಮತ್ತೊಂದು ಕಡೆ ಏನೂ ಮಾಡದೆ ಅರ್ಧ ಗಂಟೆ ಕೂತು ಎದ್ದು ಬರುತ್ತಾಳೆ. ಇದರಲ್ಲಿ ಪಾಠ ಯಾವುದು ಎಂದು ಕೇಳಿದರೆ, ‘ಚೀಲ ಭಾರ ಇದ್ಯಾ?’ ಎನ್ನುತ್ತಾಳೆ.

ಎಲ್ಲರಿಗಿಂತ ಕೊನೆಗೆ ಹೋಗುವುದು ಒಬ್ಬ ಬಡಗಿಯ ಮನೆಗೆ. ಮರದ ಡಿಪೋ ಹಿಂದಿನ ಗಲ್ಲಿ, ಎರಡನೇ ಮಹಡಿ, ಲಿಫ್ಟಿಲ್ಲ. ಎಪ್ಪತ್ತನಾಲ್ಕರ ಮನುಷ್ಯ. ಜೀವಮಾನವಿಡೀ ಮರದ ದೂಳು ಕುಡಿದು ಶ್ವಾಸಕೋಶ ಹಾಳಾಗಿದೆ. ಮೂಗಿಗೆ ಆಕ್ಸಿಜನ್ ಕೊಳವೆ, ಪಕ್ಕದಲ್ಲಿ ಸದಾ ಗುರುಗುಟ್ಟುವ ಯಂತ್ರ. ಆ ಯಂತ್ರಕ್ಕಿಂತ ಹೆಚ್ಚು ಗುರುಗುಟ್ಟುವವನು ಅವನೇ. ಗ್ರಂಥವೆಲ್ಲ ಬಾಯಲ್ಲೇ ಇದೆ. ಇಸ್ತ್ರಿ ಅಮ್ಮ ಒಂದು ಅಕ್ಷರ ನುಂಗಿದರೂ, ‘ಅದ್ಯಾಕೆ ಬಿಟ್ಟೆ, ಹಲ್ಲಿಗೆ ಸಿಕ್ಕೊಂಡಿತಾ?’ ಎಂದು ಜಾಡಿಸುತ್ತಾನೆ. ಸೊಸೆ ಹೊಲಿಗೆ ಯಂತ್ರದ ಮುಂದೆ ಕೂತು ನಗು ತಡೆದುಕೊಳ್ಳುತ್ತಾಳೆ. ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಇವನ್ಯಾರು, ಬಾಯಿಲ್ದೋನು?’ ಎಂದ. ಬಾಯಿ ತೆರೆಯಬಾರದೆಂದು ಅಪ್ಪಣೆಯಾಗಿದೆ ಎಂದು ಹೇಳುವುದಕ್ಕೂ ಬಾಯಿ ತೆರೆಯಬೇಕಲ್ಲ. ಕೈಯಲ್ಲಿದ್ದ ಚೀಲ ಎತ್ತಿ ತೋರಿಸಿದೆ.

‘ಎಲ್ಲಾ ಬಿಟ್ಟು ನಮ್ಮನೆಗೆ ಬಂದ್ಬಿಡಿ ಅಪ್ಪಾ’ ಎಂದು ಬರೆದಿದ್ದೀಯ. ಮನಸ್ಸಾಗುವುದಿಲ್ಲ ಎಂದಲ್ಲ. ಪ್ರತಿ ಸಂಜೆ ಮನೆಗೆ ಬಂದು, ನಾಳೆಯಿಂದ ಹೋಗುವುದಿಲ್ಲ ಎಂದು ಗೋಡೆಗೆ ಹೇಳುತ್ತೇನೆ. ಬೆಳಗಾದರೆ ಕಾಲು ಆ ಕಡೆಗೇ ನಡೆಯುತ್ತದೆ. ನಿನಗೂ ಓದುವಾಗ ಒಬ್ಬ ಪ್ರೊಫೆಸರ್ ಇದ್ದರಲ್ಲ, ಕುರಿಯ ಹೊಟ್ಟೆಗೆ ಕಿವಿ ಇಟ್ಟು ಕೇಳು ಎಂದು ಇಡೀ ದಿನ ಕೊಟ್ಟಿಗೆಯಲ್ಲಿ ನಿಲ್ಲಿಸಿದವರು. ಅವರನ್ನು ನೀನು ಎಷ್ಟು ಬೈದುಕೊಳ್ಳುತ್ತಿದ್ದೆ ಎಂದು ಈಗ ನೆನಪಾಗಿ ಅವರ ಮೇಲೆ ಇನ್ನಷ್ಟು ಸಿಟ್ಟು ಬರುತ್ತದೆ.

ಇಬ್ಬರೂ ಸುಖವಾಗಿರಿ.

ದಿಂಬಿನ ಚೀಲದಲ್ಲಿ ಪದವಿ ಪಡೆಯುತ್ತಿರುವ
ನಿನ್ನ ಅಪ್ಪ


ಸೆಪ್ಟೆಂಬರ್ ೧೪

ಪ್ರೀತಿಯ ಮರಿ,

ಈ ಸಲದ ತಡಕ್ಕೆ ಕ್ಷಮೆ ಕೇಳಲೂ ನಾಚಿಕೆ. ನೀನು ಎರಡು ಸಲ ಫೋನ್ ಮಾಡಿದಾಗಲೂ ‘ಏನಿಲ್ಲ’ ಎಂದೆ. ಇತ್ತು. ಹೇಳಲಾಗಲಿಲ್ಲ.

ಜುಲೈ ತಿಂಗಳಲ್ಲಿ ಇಸ್ತ್ರಿ ಅಮ್ಮನ ಗಂಟಲು ಕೆಟ್ಟಿತು. ಹತ್ತು ದಿನ ಒಂದು ಮಾತೂ ಆಡಕೂಡದು ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದರು. ಸದ್ಯ, ಹತ್ತು ದಿನ ಬೈಗುಳ ತಪ್ಪಿತು ಎಂದುಕೊಂಡೆ. ಬುಧವಾರ ಬಡಗಿಯ ಮನೆಯ ಮೆಟ್ಟಿಲ ಬಳಿ ಆಕೆ ಲಾಂಡ್ರಿಯ ಚೀಟಿಯೊಂದರ ಹಿಂದೆ ಬರೆದು ನನ್ನ ಕೈಗಿಟ್ಟಳು. ‘ಇವತ್ತು ನೀವು.’

ಮೇಲೆ ಹೋದರೆ ಅವತ್ತು ಬಡಗಿಯ ಸ್ಥಿತಿ ಚೆನ್ನಾಗಿರಲಿಲ್ಲ. ತುಟಿ ನೀಲಿಗಟ್ಟಿತ್ತು. ಬೈಯಲೂ ಉಸಿರಿಲ್ಲ. ಸೊಸೆ ಹೊಲಿಗೆ ಬಿಟ್ಟು ಬಾಗಿಲ ಬಳಿ ನಿಂತಿದ್ದಳು. ನಾನು ಮಂಚದ ಪಕ್ಕ ಕೂತೆ. ಅವನು ನನ್ನ ಮಣಿಕಟ್ಟು ಹಿಡಿದುಕೊಂಡ. ಉಳಿ ಹಿಡಿದ ಕೈ, ಆ ಸ್ಥಿತಿಯಲ್ಲೂ ಬಿಗಿ ಇತ್ತು. ‘ಏನಾದ್ರೂ ಹೇಳಪ್ಪ’ ಎಂದ.

ಮರಿ, ನಾಲ್ಕು ತಿಂಗಳು ಹಗಲೂ ಸಂಜೆ ಹೇಳಿದ ಐದು ಶಬ್ದ. ಒಂದೂ ಬಾಯಿಗೆ ಬರಲಿಲ್ಲ. ಅವನು ನನ್ನನ್ನೇ ನೋಡುತ್ತಿದ್ದ. ನಾನು ಅವನ ಬೆರಳು ಬಿಡಿಸಿದೆ. ‘ಕುಡಿಯೋಕೆ ನೀರು ತರ್ತೀನಿ’ ಎಂದು ಎದ್ದೆ. ನೀರಿನ ಹೂಜಿ ಮಂಚದ ಪಕ್ಕದಲ್ಲೇ ಇತ್ತು. ಅದನ್ನು ದಾಟಿಕೊಂಡು, ಇಸ್ತ್ರಿ ಅಮ್ಮನನ್ನೂ ಸೊಸೆಯನ್ನೂ ದಾಟಿಕೊಂಡು ಮೆಟ್ಟಿಲಿಳಿದು ಮನೆಗೆ ಬಂದುಬಿಟ್ಟೆ.

ಹದಿನೇಳು ದಿನ ಆ ಕಡೆ ಹೋಗಲಿಲ್ಲ. ಆಕೆ ಬರುತ್ತಾಳೆ, ಇಲ್ಲವೇ ಹೇಳಿ ಕಳಿಸುತ್ತಾಳೆ ಎಂದು ಕಾದೆ. ಎರಡೂ ಆಗಲಿಲ್ಲ. ಒಬ್ಬ ಶಿಷ್ಯ ಕಾಣೆಯಾದರೆ ಹುಡುಕಬೇಕು ಎಂಬ ಮರ್ಯಾದೆಯೂ ಬೇಡವೇ? ಸಿಟ್ಟು ನೆತ್ತಿಗೇರಿ ಪಂಡಿತರ ಮನೆಗೆ ದೂರು ಹೇಳಲು ಹೋದೆ. ‘ಆಕೆಗೆ ಕಲಿಸೋಕೆ ಬರಲ್ಲ. ಈಜು ಬರದವನನ್ನ ಹಿಡಿದು ಬಾವಿಗೆ ತಳ್ಳಿದ್ರು’ ಎಂದೆ. ನಡೆದದ್ದನ್ನೆಲ್ಲ ಹೇಳಿದೆ.

ಪಂಡಿತರು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಆಮೇಲೆ, ‘ಅವಳೂ ಹೀಗೇ ಎದ್ದು ಓಡಿಹೋಗಿದ್ಲು. ಒಂದಲ್ಲ, ಎರಡು ಸಲ. ಬಂದು ಇಲ್ಲೇ ಅತ್ತಳು, ನೀವು ಕೂತಿರೋ ನಿಘಂಟಿನ ಮೇಲೇನೇ’ ಎಂದರು.

‘ನೀವು ಏನಂದ್ರಿ?’

‘ನಾನೇನು ಹೇಳ್ಲಿ? ನಾನು ಓಡಿಹೋಗಿಲ್ಲ. ಯಾಕಂದ್ರೆ ಅಂಥ ಮನೆಗೆ ನಾನು ಒಂದ್ಸಲವೂ ಹೋಗೇ ಇಲ್ಲ. ನಲವತ್ತು ವರ್ಷ ಕಲಿಸಿದೆ, ಒಬ್ಬರ ಮಂಚದ ಪಕ್ಕಾನೂ ಕೂತಿಲ್ಲ. ಅದಕ್ಕೇ ಅಲ್ವಾ ನಿಮ್ಮನ್ನ ಅಲ್ಲಿಗೆ ಕಳಿಸಿದ್ದು.’

ಅಷ್ಟು ಓದಿದ ಮನುಷ್ಯ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವರ ಮೇಲಿದ್ದ ಅಸಮಾಧಾನವೆಲ್ಲ ಅಲ್ಲೇ ಇಳಿಯಿತು. ಟೀ ತಣ್ಣಗಾಗಿತ್ತು, ಇಬ್ಬರೂ ಹಾಗೇ ಕುಡಿದೆವು.

ಮರುದಿನ ಲಾಂಡ್ರಿಗೆ ಹೋದೆ. ಆಕೆಗೆ ದನಿ ಮರಳಿತ್ತು, ಇನ್ನೂ ಕರಕರ ಎನ್ನುತ್ತಿತ್ತು. ‘ಬನ್ನಿ’ ಎಂದು ಮಡಚುವ ರಾಶಿ ಕಡೆ ಕೈ ತೋರಿಸಿದಳು. ಅಷ್ಟೇ. ನನಗೆ ತಡೆಯಲಾಗಲಿಲ್ಲ.

‘ಬೈದುಬಿಡಮ್ಮ. ಹೀಗೆ ಸುಮ್ನಿರಬೇಡ.’

‘ಬೈದ್ರೆ ನಿಮಗೆ ಸಮಾಧಾನ ಆಗ್ಬಿಡತ್ತೆ, ಯಜಮಾನ್ರೇ. ಬೇಡ.’

ನಾಲ್ಕು ಚೀಲ ಮಡಚಿದ ಮೇಲೆ ಕೇಳಿದೆ, ‘ಬಡಗಿ... ಇದ್ದಾರಾ?’

‘ಇದ್ದಾರೆ. ನಿಮ್ಮನ್ನ ಕೇಳ್ತಿದ್ರು. ನೀರು ಎಲ್ಲಿ ಅಂತ.’

ಬುಧವಾರ ನಾನೊಬ್ಬನೇ ಹೋದೆ. ಒಳಗೆ ಹೋಗಿ ಮೊದಲು ಅಡುಗೆಮನೆಯಿಂದ ಒಂದು ಲೋಟ ನೀರು ತಂದು ಅವನ ಮುಂದೆ ಹಿಡಿದೆ. ಅವನು ಲೋಟ ನೋಡಿದ, ನನ್ನನ್ನು ನೋಡಿದ. ‘ಎಷ್ಟು ದೂರದ ಬಾವೀನಪ್ಪ ಅದು?’ ಎಂದ. ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನೂ ನಕ್ಕೆ, ನಗುತ್ತಾ ಕಣ್ಣಲ್ಲಿ ನೀರು ಬಂತು.

ಓದಿದೆ. ಮೂರನೇ ಶಬ್ದಕ್ಕೇ ತಡೆದ. ‘ಉಚ್ಚಾರ ಸರಿ ಇಲ್ಲ. ಮತ್ತೆ.’ ಮತ್ತೆ ಓದಿದೆ. ‘ಇನ್ನೂ ಸರಿ ಇಲ್ಲ. ಹೋಗ್ಲಿ, ಸುಮ್ನೆ ಕೂತ್ಕೋ. ಅದು ಬರತ್ತಾ?’ ಕೂತೆ. ಮಣಿಕಟ್ಟು ಹಿಡಿದುಕೊಂಡೇ ನಿದ್ದೆ ಹೋದ. ಒಂದೂವರೆ ಗಂಟೆ. ನನ್ನ ಕಾಲು ಜೋಮು ಹಿಡಿಯಿತು, ಬೆನ್ನು ಸೆಟೆಯಿತು. ಎದ್ದು ಹೋಗಬೇಕೆಂದು ನಾಲ್ಕೈದು ಸಲವಾದರೂ ಅನಿಸಿತು. ದೇವರು ಆ ಕೋಣೆಗೆ ಬಂದನೋ ಇಲ್ಲವೋ ನಾನು ಹೇಳಲಾರೆ. ಬೆಳಕು ಗಿಳಕು ಏನೂ ಕಾಣಲಿಲ್ಲ. ಯಂತ್ರ ಗುರುಗುಟ್ಟುತ್ತಿತ್ತು, ಸೊಸೆ ಯಾರದೋ ಪರದೆಗೆ ಅಂಚು ಹೊಲಿಯುತ್ತಿದ್ದಳು. ನಾನು ಎದ್ದು ಹೋಗಲಿಲ್ಲ, ಅಷ್ಟೇ.

ಆಮೇಲೆ ಬುಧವಾರದ ಲೆಕ್ಕ ಬಿಟ್ಟು ದಿನಾ ಹೋಗತೊಡಗಿದೆ. ಅವನು ನನಗೆ ಇಪ್ಪತ್ತು ಸಾಲು ಕಲಿಸಿದ. ಪ್ರತಿ ಸಾಲಿಗೂ ಕನಿಷ್ಠ ಹತ್ತು ಬೈಗುಳ. ‘ನಿನ್ನ ನಾಲಿಗೇನ ಯಾವ ಮರದಲ್ಲಿ ಕೆತ್ತಿದ್ದಾರಪ್ಪ, ಕೀಸುಳಿಗೂ ಬಗ್ಗಲ್ಲ’ ಎನ್ನುತ್ತಿದ್ದ. ಸಾಯುತ್ತಿರುವವನಿಗೆ ನಾನು ಏನಾದರೂ ಹೇಳಬೇಕೆಂದು ಅಷ್ಟು ದಿನ ಒದ್ದಾಡಿದ್ದೆ. ಅವನೇ ನನಗೆ ಹೇಳಿಕೊಟ್ಟು, ತಿದ್ದಿ, ಗದರಿಸಿ ಕಳಿಸುತ್ತಿದ್ದ. ಮೂರು ಗುರುಗಳನ್ನು ಸುತ್ತಿದವನಿಗೆ ನಾಲ್ಕನೆಯವನು ಹಾಸಿಗೆಯ ಮೇಲೆ ಸಿಕ್ಕಿದ.

ಕಳೆದ ಗುರುವಾರ ಬೆಳಿಗ್ಗೆ ಅವನು ಹೋದ. ಒಂಬತ್ತು ಗಂಟೆ ಹೊತ್ತಿಗೆ ಉಸಿರು ದೂರ ದೂರವಾಯಿತು. ಒಂದು ಕೈ ಸೊಸೆ ಹಿಡಿದಿದ್ದಳು, ಒಂದು ಕೈ ನಾನು. ಆ ಐದು ಶಬ್ದ ಹೇಳಿದೆ. ಭಾಷಣದಂತೆಯೂ ಇರಲಿಲ್ಲ, ಅಪ್ಪಣೆಯಂತೆಯೂ ಇರಲಿಲ್ಲ. ಉಚ್ಚಾರ ಸರಿ ಇತ್ತೋ ಇಲ್ಲವೋ, ತಿದ್ದುವವನು ತಿದ್ದಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಸೊಸೆ ಯಂತ್ರ ನಿಲ್ಲಿಸಿದಳು. ಆ ಸದ್ದಿಲ್ಲದೆ ಕೋಣೆ ತುಂಬ ದೊಡ್ಡದಾಗಿ ಕಂಡಿತು.

ಇಷ್ಟು ಸುದ್ದಿ. ಇಸ್ತ್ರಿ ಅಮ್ಮ ಈಗ ಎರಡನೇ ಸಾಲು ಶುರು ಮಾಡೋಣ ಎಂದಿದ್ದಾಳೆ. ಬಡಗಿ ಇಪ್ಪತ್ತು ಕಲಿಸಿದ್ದಾನಮ್ಮ ಎಂದರೆ, ‘ಅದು ಅವರ ಲೆಕ್ಕ. ನನ್ನ ಲೆಕ್ಕದಲ್ಲಿ ಒಂದೇ’ ಎನ್ನುತ್ತಾಳೆ. ಈ ಹೆಂಗಸಿನ ಜೊತೆ ನಾನು ಹೇಗೆ ಏಗಲಿ, ನೀನೇ ಹೇಳು.

ನೀನು ಮುಟ್ಟಿದ ಪ್ರತಿ ಮೂಕ ಜೀವವೂ ಎದ್ದು ನಿಲ್ಲಲಿ. ನಿನ್ನ ಕೈಗೂ ಮನಸ್ಸಿಗೂ ಆಯಾಸವಾಗದಿರಲಿ. ಇದು ಈ ಮುದುಕನ ಹಾರೈಕೆ.

ನಿನ್ನ
ಅಪ್ಪ

ಮರೆತ ಮಾತು: ಮರೆತದ್ದಲ್ಲ. ಮೇಲಿನದನ್ನು ಬರೆದು, ಲಕೋಟೆಗೆ ಹಾಕಿ, ಅಂಟಿಸಿ, ಅಂಚೆ ಡಬ್ಬಿಯವರೆಗೆ ಹೋಗಿ ವಾಪಸು ಬಂದು ಒಡೆದಿದ್ದೇನೆ.

ಗುರುವಾರ ಬಡಗಿಯ ಮನೆಯಿಂದ ಇಳಿದು ಬರುವಾಗ, ಸುದ್ದಿ ತಿಳಿದು ಬಂದಿದ್ದ ಇಸ್ತ್ರಿ ಅಮ್ಮನಿಗೆ ಒಂದು ವಿಷಯ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ಇದನ್ನ ನನಗೆ ಹೇಳಿ ಏನು ಪ್ರಯೋಜನ? ಕೇಳಬೇಕಾದವರು ಬೇರೆ ಇದ್ದಾರೆ’ ಎಂದಳು. ಆ ಬೇರೆಯವರು ನೀನು.

ನಿನ್ನ ಅಮ್ಮ ಹೋದಾಗ ಪಕ್ಕದಲ್ಲಿ ಯಾರೂ ಇರಲಿಲ್ಲ. ಕಾವಲಿದ್ದ ಚಿಕ್ಕಮ್ಮ ಅಕ್ಕನನ್ನು ಬಿಟ್ಟು ಎದ್ದು ಹೋಗಿದ್ದಳು ಎಂದು ನೀನು ನಂಬಿದ್ದೀಯ. ಆಸ್ಪತ್ರೆಯ ಕಾರಿಡಾರಿನಲ್ಲಿ ಎಲ್ಲರೆದುರು ನೀನು ಅವಳಿಗೆ, ‘ಒಂದು ಗಂಟೆ ಕೂರೋಕ್ಕಾಗ್ಲಿಲ್ವಾ ನಿಮಗೆ?’ ಎಂದೆ. ಅದೇ ಕೊನೆ. ನಾಲ್ಕು ವರ್ಷದಿಂದ ನೀನು ಅವಳ ಜೊತೆ ಮಾತಾಡಿಲ್ಲ. ಅವಳ ಮಾತೆತ್ತಿದರೆ ನೀನು ಕಾಗದ ಹರಿಯುತ್ತೀಯ ಎಂದು ನಾನೂ ಎತ್ತಿಲ್ಲ.

ಅವಳು ಎದ್ದು ಹೋದದ್ದು ನಿಜ. ಆದರೆ ನಾನು ಬಂದು ಕೂತ ಮೇಲೆ. ನಾನೇ ಕಳಿಸಿದೆ. ಹತ್ತೊಂಬತ್ತು ದಿನ ಆ ಸ್ಟೂಲಿನ ಮೇಲೆ ಕೂತವಳು ಅವಳು, ಬೆಳಗ್ಗಿನಿಂದ ಏನೂ ತಿಂದಿರಲಿಲ್ಲ. ‘ಹೋಗಿ ಊಟ ಮಾಡಿ ಬಾಮ್ಮ, ನಾನಿದ್ದೀನಿ’ ಎಂದೆ.

ಅವಳು ಹೋದ ಸ್ವಲ್ಪ ಹೊತ್ತಿಗೆ ಅಮ್ಮ ಕಣ್ಣು ಬಿಟ್ಟಳು. ‘ಭಯ ಆಗ್ತಿದೆ. ಏನಾದ್ರೂ ಒಂದೆರಡು ಸಾಲು ಹೇಳಿ’ ಎಂದಳು. ನಾನು, ‘ನಂಗೆ ಅದೆಲ್ಲ ಬರಲ್ಲ ಕಣೇ. ಮಗಳು ಬರ್ಲಿ, ಹೇಳ್ತಾಳೆ’ ಎಂದೆ. ಅವಳು ಮತ್ತೆ ಕೇಳಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಆ ನೋಟ ತಡೆಯಲಾಗದೆ ಎದ್ದು ಹೊರಗೆ ಹೋದೆ. ಗೇಟಿನಾಚೆ ಕಟ್ಟೆಯ ಮೇಲೆ ಮುಕ್ಕಾಲು ಗಂಟೆ ಕೂತಿದ್ದೆ. ವಾಪಸು ಬಂದಾಗ ನರ್ಸು ಮುಖದ ಮೇಲೆ ಬಟ್ಟೆ ಎಳೆದಿದ್ದಳು.

ಆಮೇಲೆ ನೀನು ಬಂದೆ. ‘ಚಿಕ್ಕಮ್ಮ ಎಲ್ಲಿ?’ ಎಂದೆ. ನಾನು ಬಾಯಿ ತೆರೆಯಲಿಲ್ಲ. ಅವಳು ಊಟ ಮುಗಿಸಿ ಬರುವಷ್ಟರಲ್ಲಿ ನೀನು ಶುರು ಮಾಡಿದ್ದೆ. ಅವಳು ಒಂದೇ ಒಂದು ಸಲ ನನ್ನ ಕಡೆ ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು, ಮರಿ. ತಲೆ ತಗ್ಗಿಸಿ ನಿನ್ನ ಮಾತನ್ನೆಲ್ಲ ತನ್ನ ಮೇಲೆ ಹಾಕಿಕೊಂಡಳು. ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ನನಗೂ ಒಂದು ಮಾತು ಅಂದಿಲ್ಲ.

ಅವಳ ನಂಬರು ಬದಲಾಗಿಲ್ಲ. ಈ ಕಾಗದ ಮುಗಿದ ಕೂಡಲೇ ಮೊದಲು ಅವಳಿಗೆ ಫೋನ್ ಮಾಡು. ನನ್ನನ್ನು ಏನು ಮಾಡಬೇಕೆಂದು ಆಮೇಲೆ ನಿಧಾನವಾಗಿ ಯೋಚಿಸು.